ಕಾಲುವೆ ದಂಡೆಯ ಮೇಲೆ ಹಾಸಿದ ಪಿಚ್

ಒಂದು ಕಾಲದಲ್ಲಿ ನಾನು ರಾಜ್ಯ ತಂಡದ ವೇಗದ ಬೌಲರ್. ಭುಜ ಕೈಕೊಟ್ಟ ಮೇಲೆ ಕ್ರೀಡಾ ಅಧಿಕಾರಿಯಾಗಿ ಸುರಪುರಕ್ಕೆ ಬಂದೆ. ಅಷ್ಟರಲ್ಲಿ ಕಾಲುವೆ ನೀರು ಊರಿನವರೆಗೆ ಹರಿದಿತ್ತು. ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಅವುಗಳ ಕೆಳಗಿದ್ದ ನಮ್ಮ ಮೈದಾನ ಮಾತ್ರ ಜೌಗು ಹಿಡಿದು ಕೊಳೆಯುತ್ತಿತ್ತು.

ಆ ಮೈದಾನದಲ್ಲೇ ಒಬ್ಬ ಹುಡುಗಿ ಬೌಲಿಂಗ್ ಕಲಿತಳು. ಕೂಲಿಕಾರರ ಮಗಳು, ಕಾಲೇಜು ಓದುತ್ತಿದ್ದಳು. ಅವಳ ಚೆಂಡು ನೆಲಕ್ಕೆ ಬಿದ್ದು ಪುಟಿಯುವುದನ್ನು ಕಂಡರೆ ನನ್ನ ಸತ್ತ ಭುಜದಲ್ಲಿ ಜೀವ ಆಡಿದಂತಾಗುತ್ತಿತ್ತು. ಅವಳಿಗಾಗಿಯೇ ಎಲ್ಲರ ಕೈಕಾಲು ಹಿಡಿದು ರಾಜ್ಯ ಮಹಿಳಾ ತಂಡದ ಆಯ್ಕೆಯನ್ನು ನಮ್ಮೂರಿಗೆ ತಂದೆ. ಆಯ್ಕೆಯ ವಾರವೇ ಗದ್ದೆಗಳಿಂದ ಇಳಿದು ಮೈದಾನದಲ್ಲಿ ಮೊಣಕಾಲುದ್ದ ನೀರು ನಿಂತಿತು.

ಮೇಲಿನ ಗದ್ದೆಯ ರೈತನ ಬಳಿ ಓಡಿದೆ. "ಯಜಮಾನ್ರ, ಎರಡು ದಿನ ನೀರು ಬಂದ್ ಮಾಡ್ರಿ. ಒಂದು ಹುಡುಗಿ ಬಾಳಿನ ಪ್ರಶ್ನಿ ಅದರಿ."

"ತೆನಿ ಕಟ್ಟಾಕತ್ತದರಿ ಸಾಹೇಬ್ರ. ಈಗ ಬಂದ್ ಮಾಡಿದ್ರ ಎಲ್ಲಾ ಜೊಳ್ಳು. ನಮ್ಮಪ್ಪ ಈ ನೀರಿನ ಹಾದಿ ಕಾಯ್ದು ಕಾಯ್ದು ಸತ್ತ. ನಿಮ್ಮ ಆಟಕ್ಕ ಹೆಂಗ ನಿಲ್ಲಸ್ಲಿ, ನೀವ ಹೇಳ್ರಿ."

ತೆನೆ ತುಳಿಯದಂತೆ ಬದು ಹಿಡಿದು ಹಿಂದಿರುಗಿದೆ.

ಆಯ್ಕೆಗೆ ಬೆಂಗಳೂರಿನಿಂದ ಬಂದವನು ನನ್ನ ಹಳೆಯ ಗೆಳೆಯ. ರಾಜ್ಯ ತಂಡದಲ್ಲಿ ನನ್ನ ಚೆಂಡುಗಳಿಗೆ ಕೀಪಿಂಗ್ ಮಾಡಿದವನು. ಮೈದಾನ ನೋಡಿ ಕಾರಿನಿಂದ ಇಳಿಯಲೂ ಇಲ್ಲ. "ಇದು ಕೆರೆ ಕಣೋ. ಇಲ್ಲಿ ಏನ್ ನೋಡ್ಲಿ?" ಎಂದ. ನಾನು ಕಾರಿನ ಬಾಗಿಲು ಹಿಡಿದು, "ಒಂದ ಸಲ ಇಳಿಯೋ" ಎಂದು ಅಂಗಲಾಚಿದೆ. ಅವನು ಇಳಿಯುವವರೆಗೂ ಬಿಡಲಿಲ್ಲ. ಅವನೆದುರು ನಾನು ಹಾಗೆ ಬೇಡಿದ್ದು ಅದೇ ಮೊದಲು.

ಕಾಲುವೆಯ ದಂಡೆಯ ಮೇಲಿನ ಮೊರಮ್ಮು ಮಣ್ಣಿನ ದಾರಿಯಷ್ಟೇ ಒಣಗಿತ್ತು. ಹುಡುಗಿಯೂ ನಾನೂ ಪಿಚ್ಚಿಗೆ ಹಾಸುವ ಮ್ಯಾಟ್ ಹೊತ್ತು ತಂದು ಅಲ್ಲಿ ಹಾಸಿ, ಸುತ್ತ ಮೊಳೆ ಬಡಿದೆವು. ಕೀಪಿಂಗ್ ಗ್ಲೌಸನ್ನು ಗೆಳೆಯನ ಕೈಗೆ ಕೊಟ್ಟು, "ನೋಡೂದು ಬ್ಯಾಡ, ಹಿಡಿ" ಎಂದೆ.

ಅವಳು ಓಡಿ ಬಂದಳು. ಮೊದಲ ಚೆಂಡು ಜಾರಿ ಕಾಲುವೆ ಸೇರಿತು. ಇನ್ನೊಂದು ಚೆಂಡನ್ನು ಅವಳತ್ತ ಎಸೆದೆ. ಮುಂದಿನದು ನೆಲ ಕಚ್ಚಿ ಎದ್ದು ಅವನ ಗ್ಲೌಸಿಗೆ ಬಡಿದ ಸದ್ದಿಗೆ ದಂಡೆಯ ಬೆಳ್ಳಕ್ಕಿಗಳು ಹಾರಿದವು. ಅವನು ಗ್ಲೌಸ್ ಕಳಚಿ ಅಂಗೈ ನೋಡಿಕೊಂಡ. ಮತ್ತೆ ಹಾಕಿಕೊಂಡು, "ಇನ್ನೊಂದು ಹಾಕಮ್ಮ" ಎಂದ. ಅವಳ ತೋಳು ಸೋಲುವವರೆಗೂ ಹಿಡಿದ. ಹೊರಡುವಾಗ, "ಇವಳ ಹೆಸರು ತಂಡದಲ್ಲಿ ಇರುತ್ತೆ ಕಣೋ" ಎಂದ.

ಅವನು ಮಾತು ಉಳಿಸಿಕೊಂಡ. ತಂಡದಲ್ಲಿ ಅವಳ ಹೆಸರಿತ್ತು, ಆದರೆ ಮೀಸಲು ಆಟಗಾರರ ಸಾಲಿನಲ್ಲಿ. ಶಿಬಿರ, ಪಂದ್ಯ ಎಲ್ಲ ಮುಗಿಸಿಕೊಂಡು ಬಂದವಳು ನನ್ನ ಆಫೀಸಿನ ಬಾಗಿಲಲ್ಲಿ ನಿಂತಳು.

"ಹೆಂಗಿತ್ತವ್ವಾ?"

"ಗ್ರೌಂಡ್ ಭಾಳ ಚೊಲೋ ಇತ್ತರಿ ಸರ. ಒಂದು ಹನಿ ನೀರು ಇರಲಿಲ್ಲ. ಖರೇ ಬಾಲ್ ಯಾರೂ ಕೈಯಾಗ ಕೊಡಲಿಲ್ಲರಿ."

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ಬೇರೆ ಜಾಗಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದೆ. ನೀರು ಬಂದ ಮೇಲೆ ಬಂಗಾರವಾದ ನೆಲವನ್ನು ಆಟಕ್ಕೆ ಯಾರೂ ಬಿಡಲಿಲ್ಲ. ಅವಳು ಕಡೇಚೂರಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದಳು. ನಾನು ನಿವೃತ್ತನಾಗುವ ಹೊತ್ತಿಗೆ ಮೈದಾನದ ತುಂಬ ಆಪು ಹುಲ್ಲು ಬೆಳೆದು, ಎಮ್ಮೆಗಳು ಮಲಗುತ್ತಿದ್ದವು.