ಮನೆಗೊಂದು ಪುಟ

ಮೊನ್ನೆ ಸಹಕಾರನಗರದ ಔಷಧಿ ಅಂಗಡಿಯಲ್ಲಿ ಯಾರದೋ ಕೈ ತಪ್ಪಿ ಸ್ಪಿರಿಟ್ ಬಾಟಲಿ ಒಡೆಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಡಾಕ್ಟರ ಮೇಲೆ ನನಗೆ ಮತ್ತೆ ಸಿಟ್ಟು ಬಂತು. ಅವರು ತೀರಿಕೊಂಡು ಐದು ತಿಂಗಳಾಯಿತು. ಹೋದವರ ಮೇಲೆ ಎಂಥ ಸಿಟ್ಟು ಬಿಡು ಅಂತ ನಮ್ಮ ಮನೆಯಲ್ಲೇ ಹೇಳುತ್ತಾರೆ. ಹೇಳಲಿ. ಬರುವ ಸಿಟ್ಟು ಅವರನ್ನು ಕೇಳಿಕೊಂಡು ಬರುವುದಿಲ್ಲ.

ಕೊಡಿಗೇಹಳ್ಳಿಯ ಹಳೇ ಊರಿನೊಳಗೆ ಅವರದು ಎರಡು ಕೋಣೆಯ ಕ್ಲಿನಿಕ್ಕು. ಅಲ್ಲಿ ನಾನು ಹದಿನಾಲ್ಕು ವರ್ಷ ಕಾಂಪೌಂಡರ್ ಆಗಿದ್ದೆ. ಗಾಯ ತೊಳೆಯುವುದು, ಮಾತ್ರೆ ಪೊಟ್ಟಣ ಕಟ್ಟುವುದು, ಸೂಜಿ ಕಂಡೊಡನೆ ಓಡುವ ಮಕ್ಕಳನ್ನು ಅಮುಕಿ ಹಿಡಿದುಕೊಳ್ಳುವುದು, ಎಲ್ಲ ನನ್ನ ಪಾಲಿನ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ಪುಸ್ತಕ ನೋಡಿಕೊಳ್ಳುವುದು. ಬೇರೆ ಕಡೆ ರೋಗಿಗೊಂದು ನಂಬರು ಕೊಡುತ್ತಾರೆ. ನಮ್ಮಲ್ಲಿ ಮನೆಗೊಂದು ಪುಟ. ಒಂದೇ ಹೆಸರಿನವರು ಹತ್ತು ಜನ ಇರುವ ಊರಿನಲ್ಲಿ ಹೆಸರು ಕಟ್ಟಿಕೊಂಡು ಏನು ಮಾಡುವುದು? ಬಾವಿ ಪಕ್ಕದ ಮನೆ, ಹುಣಸೇಮರದ ಮನೆ, ಜೋಡಿ ಬಾಗಿಲ ಮನೆ ಅಂದರೆ ತಕ್ಷಣ ಗೊತ್ತಾಗುತ್ತಿತ್ತು. ದಪ್ಪ ರಟ್ಟಿನ ಆ ಪುಸ್ತಕದಲ್ಲಿ ಮನೆಗಳು ಬೀದಿಯಲ್ಲಿದ್ದ ಸಾಲಿನಲ್ಲೇ ಇರುತ್ತಿದ್ದವು. ಪ್ರತಿ ಪುಟದಲ್ಲೂ ಅಜ್ಜಿಯಿಂದ ಕೂಸಿನವರೆಗೆ ಎಲ್ಲರ ಹೆಸರು, ಯಾರಿಗೆ ಯಾವ ಕಾಯಿಲೆ, ಏನು ಕೊಟ್ಟದ್ದು, ಎಷ್ಟು ದಿನ ಕೊಟ್ಟದ್ದು. ಮೊಮ್ಮಗನಿಗೆ ಕೆಮ್ಮು ಅಂತ ಬಂದರೆ ಡಾಕ್ಟರು ಮೊದಲು ಅಜ್ಜನ ಸಾಲು ಓದುತ್ತಿದ್ದರು. ಪುಸ್ತಕ ನನ್ನ ಮೇಜಿನ ಡ್ರಾಯರಿನಲ್ಲಿ, ಅದರ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿ.

ಒಳ್ಳೆಯವರಾಗಿದ್ದರು. ಅದನ್ನು ಹೇಳದೆ ಹೋದರೆ ನಾಲಿಗೆಗೆ ಮೋಸ. ವಿಮಾನ ನಿಲ್ದಾಣ ಹೊಸದಾಗಿ ಶುರುವಾದ ವರ್ಷ ಹುಣಸೇಮರದ ಮನೆಯ ಹುಡುಗಿಗೆ ಟಿಬಿ ಅಂತ ಗೊತ್ತಾಯಿತು. ಇಪ್ಪತ್ತರ ಆಸುಪಾಸಿನವಳು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಊರೆಲ್ಲ ನೋಡುತ್ತದೆ, ಆಮೇಲೆ ಮದುವೆಯ ಮಾತೇ ಬೇಡ ಅಂತ ಅವಳ ತಾಯಿ ಕ್ಲಿನಿಕ್ಕಿನ ನೆಲದ ಮೇಲೆ ಕೂತು ಅತ್ತರು. ಡಾಕ್ಟರು ಓಡಾಡಿ, ಆಸ್ಪತ್ರೆಯವರನ್ನು ಒಪ್ಪಿಸಿ, ಅವಳ ಮಾತ್ರೆಗಳನ್ನು ನಮ್ಮಲ್ಲಿಗೇ ತರಿಸಿದರು. ವಾರಕ್ಕೆ ಮೂರು ದಿನ ಹೊಲಿಗೆ ಕ್ಲಾಸಿಗೆ ಹೋಗುವ ನೆಪದಲ್ಲಿ ಅವಳು ಬರುತ್ತಿದ್ದಳು. ನಾನು ಬಾಗಿಲು ಮುಂದೆ ಮಾಡಿ, ಎದುರಿಗೆ ನಿಂತು ನುಂಗಿಸುತ್ತಿದ್ದೆ. ಆರು ತಿಂಗಳು. ಅವಳ ಅಪ್ಪನಿಗೂ ಗೊತ್ತಾಗಲಿಲ್ಲ... ಕೊನೆಯ ದಿನ ಅವಳು ನನಗೊಂದು ಮೊಳ ಕನಕಾಂಬರ ತಂದುಕೊಟ್ಟಳು.

ಆಮೇಲೆ ಪಾಲಿಕೆ ಚುನಾವಣೆ ಬಂತು. ವಿಮಾನ ನಿಲ್ದಾಣದ ರಸ್ತೆ ಅಗಲವಾದ ಮೇಲೆ ಊರಿನೊಳಗಿನ ಚರಂಡಿಗಳೆಲ್ಲ ಕಟ್ಟಿಕೊಂಡು ಹೊಲಸು ನೀರು ಜಗುಲಿಗೆ ಹತ್ತುತ್ತಿತ್ತು. ಡಾಕ್ಟರು ಅರ್ಜಿ ಹಿಡಿದು ಪಾಲಿಕೆ ಕಚೇರಿಗೆ ಅಲೆದರು, ಅಲ್ಲಿಯವರು ಮೂರು ಸಲ ಕಾಯಿಸಿ ಕಳಿಸಿದರು. ನೀವೇ ನಿಂತುಕೊಳ್ಳಿ ಡಾಕ್ಟರೇ ಅಂತ ಬೆಂಚಿನ ಮೇಲೆ ಕೂತವರೆಲ್ಲ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು. ಪಕ್ಷದವರು ಟಿಕೆಟ್ಟು ಕೊಟ್ಟ ದಿನ ಕ್ಲಿನಿಕ್ಕಿನಲ್ಲಿ ಮೈಸೂರುಪಾಕು ಹಂಚಿದವಳೂ ನಾನೇ.

ಪ್ರಚಾರ ಶುರುವಾಗಿ ಎರಡು ದಿನಕ್ಕೆ ಅವರು ಪುಸ್ತಕ ಕೇಳಿದರು. ನಮ್ಮ ಕಡೆಯವರು ಮನೆ ಮನೆಗೆ ಹೋಗಬೇಕು, ಯಾವ ಮನೆಯಲ್ಲಿ ಎಷ್ಟು ಜನ ಅಂತ ಗೊತ್ತಿದ್ದರೆ ಸಲೀಸು, ಜೆರಾಕ್ಸ್ ಮಾಡಿಸಿಕೊಂಡು ಬಾ ಅಂದರು. ಅದರಲ್ಲಿ ಕಾಯಿಲೆಯೆಲ್ಲ ಬರೆದಿದೆಯಲ್ಲ ಸಾರ್ ಅಂದೆ. ಅವರೆಲ್ಲ ನಮ್ಮವರೇ ತಾನೆ, ಯಾರು ಓದುತ್ತಾರೆ ಅಂದರು. ನಾನು ಸೆರಗಿನ ಗಂಟು ಬಿಚ್ಚಿದೆ. ಇವತ್ತಿಗೂ ಆ ಕೈಗೆ ಬರೆ ಹಾಕಬೇಕು ಅನ್ನಿಸುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಪುಟದ ಬಲಗಡೆಗೆ ಒಂದು ಹಾಳೆ ಮುಚ್ಚಿ, ಹೆಸರು ಮಾತ್ರ ಕಾಣುವ ಹಾಗೆ ಮಾಡಿಸತೊಡಗಿದೆ. ನಲವತ್ತು ಐವತ್ತು ಪುಟ ಹಾಗೇ ಆಯಿತು. ಹಿಂದೆ ಜನ ಸೇರಿದರು. ಅಂಗಡಿಯವನು, ಹಿಂಗೆ ಮಾಡಿದ್ರೆ ಸಾಯಂಕಾಲ ಆಗತ್ತೆ ಮೇಡಂ ಅಂತ ಗೊಣಗಿದ. ನನಗೂ ಸಾಕಾಗಿತ್ತು. ಮುಚ್ಚುವುದನ್ನು ಬಿಟ್ಟೆ. ಹುಣಸೇಮರದ ಮನೆ ಬೀದಿಯ ಕೊನೆಯಲ್ಲಿತ್ತು, ಅದರ ಪುಟವೂ ಕೊನೆಯಲ್ಲಿತ್ತು.

ಆ ಭಾನುವಾರ ಅವರ ಮನೆಗೆ ದೊಡ್ಡಬಳ್ಳಾಪುರದ ಕಡೆಯಿಂದ ಹೆಣ್ಣು ನೋಡಲು ಬಂದಿದ್ದರು. ಕಾಫಿ ಕೊಟ್ಟಾಗಿತ್ತಂತೆ, ಹುಡುಗನ ಚಿಕ್ಕಮ್ಮಂದಿರು ಹುಡುಗಿ ಹೊಲಿದ ಕುಪ್ಪಸವನ್ನು ಮೆಚ್ಚಿಕೊಂಡು ನೋಡುತ್ತಿದ್ದರಂತೆ. ಅಷ್ಟರಲ್ಲಿ ಪ್ರಚಾರದವರು ನಾಲ್ಕು ಜನ ಶಾಲು ಹೊದ್ದುಕೊಂಡು ಬಾಗಿಲಿಗೆ ಬಂದರು. ಕೇಡು ಬಗೆದು ಬಂದವರಲ್ಲ. ಉಪಕಾರ ನೆನಪಿಸಿದರೆ ವೋಟು ಗಟ್ಟಿಯಾಗುತ್ತದೆ ಅಂತ ಅವರ ಲೆಕ್ಕ. ಅವರಲ್ಲೊಬ್ಬ ಹಾಳೆ ನೋಡಿಕೊಂಡು ನಗುನಗುತ್ತಾ ಹೇಳಿದನಂತೆ:

"ಏನಮ್ಮಾ, ನಿಮ್ ಮಗಳಿಗೆ ಟಿಬಿ ಬಂದಾಗ ಆರು ತಿಂಗ್ಳು ಮಾತ್ರೆ ಕೊಟ್ಟು ಉಳಿಸಿದ್ದು ನಮ್ ಡಾಕ್ಟ್ರೇ ಅಲ್ವಾ? ಮರ್ತುಬಿಡ್ಬೇಡಿ."

ಬಂದವರು ಲೋಟ ಕೆಳಗಿಟ್ಟು, ಊರಿಗೆ ಹೋಗಿ ತಿಳಿಸುತ್ತೇವೆ ಅಂತ ಎದ್ದರು. ತಿಳಿಸಲಿಲ್ಲ. ಅಪ್ಪನಾದವನು ಅಂದೇ ಹೆಂಡತಿಯ ಮೇಲೆ ಕೈ ಮಾಡಿದ. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ.

ನಾನು ಸೋಮವಾರ ಬೆಳಿಗ್ಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಹಾರದ ದಾರ ಕತ್ತಿನ ಹಿಂದೆ ಸಿಕ್ಕಿಕೊಂಡಿದ್ದನ್ನು ಬಿಡಿಸಿಕೊಳ್ಳುತ್ತಿದ್ದರು. ಮುಖ ಸಪ್ಪಗಾಯಿತು, ಅದು ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

"ವಾಸಿ ಆಗಿರೋ ಕಾಯಿಲೆಗೆ ಯಾಕಮ್ಮ ನಾಚ್ಕೋಬೇಕು? ಜನಕ್ಕೂ ತಿಳುವಳಿಕೆ ಬರ್ಬೇಕಲ್ವಾ?"

"ಹಂಗಾದ್ರೆ ಆರು ತಿಂಗ್ಳು ಬಾಗ್ಲು ಹಾಕ್ಕೊಂಡು ನುಂಗಿಸಿದ್ದು ಯಾಕೆ ಸಾರ್?"

ಚುನಾವಣೆ ಮುಗಿಯಲಿ, ನಾನೇ ಅವರ ಮನೆಗೆ ಹೋಗಿ ಮಾತಾಡುತ್ತೇನೆ ಅಂದರು. ಹೊರಗೆ ಜೀಪು ಹಾರನ್ನು ಹೊಡೆಯಿತು, ಹೊರಟುಹೋದರು.

ಮಾರನೆಯ ದಿನ ಆ ತಾಯಿ ಬಂದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿನ್ನ ಏನೂ ಕೇಳಾಕೆ ಬಂದಿಲ್ಲ ಕಣವ್ವ. ನಮ್ ಮನೆ ಪುಟ ಅರ್ದು ಕೊಟ್ಬುಡು."

ಹರಿದು ಕೊಟ್ಟೆ. ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಊರ ತುಂಬ ಅದರ ನಕಲು ಓಡಾಡುತ್ತಿತ್ತು, ಹರಿದ ಪುಟದಿಂದ ಏನೂ ಪ್ರಯೋಜನವಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡಾಕ್ಟರು ಗೆದ್ದರು. ಚರಂಡಿ ಸರಿ ಮಾಡಿಸಿದರು, ಬೋರ್‌ವೆಲ್ ಕೊರೆಸಿದರು, ಇಲ್ಲ ಅನ್ನುವುದಿಲ್ಲ. ಹುಣಸೇಮರದ ಮನೆಯ ಮುಂದೆಯೂ ಚಪ್ಪಡಿ ಹಾಕಿಸಿದರು. ಒಳಗೆ ಮಾತ್ರ ಹೋಗಲಿಲ್ಲ. ನಾನು ಎರಡು ಸಲ ನೆನಪಿಸಿದೆ, ಮೂರನೆಯ ಸಲ ಮುಖ ಗಂಟಿಕ್ಕಿದರು.

ಇನ್ನೂ ಹೊಟ್ಟೆ ಉರಿಯುವುದು ಯಾಕೆ ಗೊತ್ತೇ? ಮನೆಗೊಂದು ಪುಟದ ಆ ಪದ್ಧತಿ ಪಕ್ಷದ ದೊಡ್ಡವರಿಗೆ ಬಹಳ ಹಿಡಿಸಿತು. ಡಾಕ್ಟರನ್ನು ಜಿಲ್ಲೆ ಜಿಲ್ಲೆಗೆ ಕರೆಸಿ, ಮೈಕು ಕೊಟ್ಟು, ಹೇಗೆ ಮಾಡಿದಿರಿ ಹೇಳಿ ಅಂತ ಭಾಷಣ ಮಾಡಿಸಿದರು. ನನ್ನ ಕೈಬರಹದ ಪುಸ್ತಕ ರಾಜ್ಯಕ್ಕೆಲ್ಲ ಪಾಠವಾಯಿತು! ಅದೇ ಏಣಿ ಹತ್ತಿ ಯಾವುದೋ ನಿಗಮದ ಅಧ್ಯಕ್ಷರಾದರು, ಗೂಟದ ಕಾರು ಬಂತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಜ್ವರದವರ ಪಕ್ಕದಲ್ಲಿ ವರ್ಗಾವಣೆಯವರು, ನಿವೇಶನದವರು ಕೂರತೊಡಗಿದರು. ಡಾಕ್ಟರು ನಾಡಿ ಹಿಡಿದುಕೊಂಡೇ ಫೋನಿನಲ್ಲಿ ಮಾತಾಡುತ್ತಿದ್ದರು. ವೇದಿಕೆಯ ಮೇಲೆ ಮಾತ್ರ, ಪ್ರತಿಯೊಬ್ಬ ಮತದಾರನೂ ನನ್ನ ರೋಗಿಯ ಸಮಾನ ಅನ್ನುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ವಿಧಾನಸಭೆಗೆ ನಿಂತು ಸೋತರು. ಆ ಚುನಾವಣೆಗೂ ಪುಸ್ತಕ ಬೇಕು ಅಂದ ದಿನ ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ. ಒಂದು ವರ್ಷದೊಳಗೆ ಕ್ಲಿನಿಕ್ಕಿನ ಷಟರ್ ಇಳಿಯಿತು.

ನಾನು ಕೆಲಸ ಬಿಡುವ ಹೊತ್ತಿಗಾಗಲೇ ಊರಿನವರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರು. ತಲೆನೋವು ಅಂತ ಬರುವರು, ಬರೀ ತಲೆನೋವಿನ ಮಾತ್ರೆ ಕೇಳುವರು. ಮುಟ್ಟಿನ ತೊಂದರೆ, ಕುಡಿಯುವ ಗಂಡ, ಎದೆಯ ಗಂಟು, ಇಂಥದ್ದನ್ನೆಲ್ಲ ಹಿಂದೆ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ ಹೆಂಗಸರು ಬೆಂಚಿನ ಮೇಲೆ ನೆಟ್ಟಗೆ ಕೂತು ಕ್ಯಾಲೆಂಡರು ನೋಡುತ್ತಿದ್ದರು.

ಡಾಕ್ಟರು ಹೃದಯಾಘಾತದಿಂದ ಹೋದಾಗ ರಸ್ತೆಯುದ್ದಕ್ಕೂ ಫ್ಲೆಕ್ಸು. ನಾನು ಹೋಗಿ ನೋಡಿದೆ. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಹದಿನಾಲ್ಕು ವರ್ಷ ನನ್ನ ಕಣ್ಣೆದುರೇ ಎಷ್ಟೋ ಮಕ್ಕಳನ್ನು ಬದುಕಿಸಿದ ಕೈ... ಬಿಕ್ಕಿ ಬಿಕ್ಕಿ ಅತ್ತೆ. ಒಂದು ಸಲ ಆ ಮನೆಯ ಹೊಸಿಲು ದಾಟಿ, ತಪ್ಪಾಯಿತು ತಾಯಿ ಅಂದಿದ್ದರೆ ಈ ಮನುಷ್ಯನ ಗಂಟು ಏನು ಹೋಗುತ್ತಿತ್ತು ಅಂತ ಅಳುತ್ತಲೇ ಬೈದುಕೊಂಡೆ.

ಆ ಹುಡುಗಿಯನ್ನು ಕೊನೆಗೆ ಕೆಂಪಾಪುರದಲ್ಲಿ ಎರಡನೇ ಸಂಬಂಧಕ್ಕೆ ಕೊಟ್ಟರು. ಹಳೆಯ ಕಾಯಿಲೆಯ ಮಾತು ಆ ಮನೆಯವರ ಕಿವಿಗೆ ಬೀಳದ ಹಾಗೆ ನೋಡಿಕೊಂಡಿದ್ದಾರೆ. ಹೋದ ವಾರ ಹೆಬ್ಬಾಳದ ಬಸ್ಸಿನಲ್ಲಿ ಸಿಕ್ಕಳು. ತೊಡೆಯ ಮೇಲೆ ಎರಡು ವರ್ಷದ ಮಗು, ಪಕ್ಕದಲ್ಲಿ ಅವಳ ಅತ್ತೆ. ಸಣ್ಣಗಾಗಿದ್ದಾಳೆ, ಕೊರಳೆಲುಬು ಎದ್ದು ಕಾಣುತ್ತದೆ. ನನ್ನನ್ನು ನೋಡಿ ನಗಲು ಹೋದಳು, ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೆಮ್ಮಿದಳು. ನನಗೆ ಆ ಕೆಮ್ಮು ಗೊತ್ತು. ನನಗೆ ಗೊತ್ತು ಅಂತ ಅವಳಿಗೂ ಗೊತ್ತು.

"ಧೂಳು ಕಣಕ್ಕ," ಅಂದಳು, ನಾನು ಬಾಯಿ ತೆರೆಯುವ ಮೊದಲೇ.

ಅತ್ತೆ ನನ್ನ ಕಡೆ ತಿರುಗಿ, ನೀವು ಯಾವ ಊರಿನವರು ಅಂತ ಕೇಳಿದರು. ಹುಡುಗಿಯ ಕಣ್ಣು ನನ್ನ ಮುಖದ ಮೇಲೇ ಇತ್ತು. ಇವರ ಊರಿನವಳೇ, ಹಳೇ ಪರಿಚಯ ಅಂದೆ. ಎಷ್ಟು ದಿನದಿಂದ ಕೆಮ್ಮು ಅಂತ ಕೇಳಬೇಕಿತ್ತು, ಮಗುವನ್ನೂ ತೋರಿಸು ಅನ್ನಬೇಕಿತ್ತು. ಕೇಳಲಿಲ್ಲ. ನನ್ನ ನಿಲ್ದಾಣ ಬಂತು, ಇಳಿದುಬಿಟ್ಟೆ.