ಅಂಚಿಗೆ ಬಂದ ನೀಲಿ

ನನ್ನ ತಮ್ಮ ಹೋಬರ್ಟ್‌ನಷ್ಟು ಹಟಮಾರಿ ಈ ಲಿಕ್ ಫೋರ್ಕ್ ಹಳ್ಳದ ಉದ್ದಕ್ಕೂ ಇನ್ನೊಬ್ಬನಿಲ್ಲ. ವರ್ಜೀನಿಯಾದ ಈ ಮೂಲೆಯ ಗಂಡಸರೆಲ್ಲ ಕಲ್ಲಿದ್ದಲ ಗಣಿಗೆ ಇಳಿದರೆ, ಇವನು ಅದೇ ಕಲ್ಲಿದ್ದಲನ್ನು ಕುಲುಮೆಗೆ ಸುರಿದು ಟೊಮಾಹಾಕ್ ಅನ್ನುವ ಎಸೆಯುವ ಕೈಕೊಡಲಿ ಬಡಿಯುತ್ತ ಕುಳಿತ. ಬೇಸಿಗೆ ಬಂತೆಂದರೆ ಹಳೇ ಕಾಲದ ಬೇಟೆಗಾರರ ಹಾಗೆ ಜಿಂಕೆಚರ್ಮದ ಅಂಗಿ ತೊಟ್ಟು, ಬಯಲಲ್ಲಿ ಡೇರೆ ಹಾಕಿ, ಕೊಡಲಿ ಎಸೆಯುವ ಪಂದ್ಯ ಆಡುವ ಮಂದಿ ನಮ್ಮ ಕಡೆ ಬಹಳ. ಅವರಿಗೆಲ್ಲ ಹೋಬರ್ಟ್‌ನ ಕೊಡಲಿಯೇ ಆಗಬೇಕು. ಅಪ್ಪ ಸತ್ತ ವರ್ಷದಿಂದ ಹಿಡಿ ಕೆತ್ತುವ ಕೆಲಸ ನನ್ನದು. ಹಿಕರಿ ಮರದ ಹಿಡಿ, ಈ ಡೆಲ್ಫಿಯಾ ಸ್ಟಿಲ್ಟ್ನರ್ ಕೆತ್ತಿದ್ದು. ಜಂಬ ಅಂದುಕೊಂಡರೂ ಸರಿ, ಇವತ್ತಿನವರೆಗೆ ಒಂದು ಹಿಡಿಯೂ ಮುರಿದು ವಾಪಸು ಬಂದಿಲ್ಲ.

ಕಬ್ಬಿಣದ ಪಟ್ಟಿಯನ್ನು ಬಗ್ಗಿಸಿ ಹಿಡಿಗೆ ಜಾಗ ಬಿಡುವುದು, ಮಡಿಕೆಯ ನಡುವೆ ಉಕ್ಕಿನ ತುಂಡಿಟ್ಟು ಬೆಸೆಯುವುದು, ಇದನ್ನೆಲ್ಲ ಅವನು ಕಣ್ಣು ಮುಚ್ಚಿಯೂ ಮಾಡಿಯಾನು. ಕಣ್ಣು ಬೇಕಾದದ್ದು ಕೊನೆಗೆ. ಎಣ್ಣೆಗಿಳಿಸಿ ಗಡುಸು ಮಾಡಿದ ಅಲಗನ್ನು ಬೆಳ್ಳಗೆ ಉಜ್ಜಿ, ಹಿಡಿ ತೂರಿಸುವ ತೂತಿಗೆ ಕೆಂಪಗೆ ಕಾದ ಸರಳನ್ನು ತುರುಕುತ್ತಾನೆ. ಬಿಸಿ ಮೆಲ್ಲಗೆ ಅಂಚಿನತ್ತ ನಡೆಯುತ್ತದೆ, ಬಣ್ಣಗಳು ಅದರ ಜೊತೆ ಓಡುತ್ತವೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ನೇರಳೆ ಅಂಚು ಮುಟ್ಟಿದ ಗಳಿಗೆಗೆ ನೀರಿಗೆ ಅದ್ದಬೇಕು. ಮುಂಚೆ ಅದ್ದಿದರೆ ಅಂಚು ಚಕ್ಕೆ ಏಳುತ್ತದೆ. ತಡವಾದರೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಇದನ್ನು ನೋಡಲೆಂದೇ ಅವನು ಕಿಟಕಿಗೆ ಗೋಣಿ ಕಟ್ಟಿ ಕಣ್ಣು ಕುಕ್ಕುವ ಬಿಸಿಲನ್ನು ತಡೆಯುತ್ತಿದ್ದ. ಆಗ ಯಾರೂ ಬಾಯಿ ಬಿಡುವಂತಿರಲಿಲ್ಲ, ನಾನೂ ಕೂಡ.

ಹೋದ ಚಳಿಗಾಲದಲ್ಲಿ ನಮ್ಮ ಹಳೇ ಗಿರಾಕಿ ಕ್ಲೀವ್ ಓವನ್ಸ್ ಹೊಸ ಕೊಡಲಿ ಹಿಡಿದುಕೊಂಡು ವಾಪಸು ಬಂದ. ಅಂಚಿನಲ್ಲಿ ಹೆಬ್ಬೆರಳಗಲ ಚಕ್ಕೆ ಎದ್ದಿತ್ತು.

"ಬಂಡೆಗೆ ಎಸೆದಿದ್ದೀಯ" ಎಂದ ಹೋಬರ್ಟ್.

"ಮರಕ್ಕೇ ಎಸೆದಿದ್ದು ಕಣೋ. ಮರ ಯಾವುದು ಬಂಡೆ ಯಾವುದು ಕಾಣದಿರೋಕೆ ನಾನೇನು ಕುರುಡನಾ?"

ಕುಲುಮೆ ಹತ್ತಿರ ಇದ್ದವರೆಲ್ಲ ನಕ್ಕರು. ಆದರೆ ಆ ತಿಂಗಳಲ್ಲೇ ಇನ್ನೂ ಎರಡು ಕೊಡಲಿ ಹೀಗೇ ವಾಪಸು ಬಂದವು. ಅಷ್ಟರಲ್ಲಿ ನಾನು ಗಮನಿಸಿದ್ದೆ. ಹುಳು ಕಂಡ ಕೋಳಿಯ ಹಾಗೆ ತಲೆ ವಾರೆ ಮಾಡಿ ಅವನು ಕಬ್ಬಿಣವನ್ನು ಓರೆಗಣ್ಣಲ್ಲಿ ನೋಡುತ್ತಿದ್ದ. ಬೈದು, ಹೆದರಿಸಿ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎರಡೂ ಕಣ್ಣಿನ ನಡುಭಾಗ ಸವೆದಿದೆ, ಬಣ್ಣ ತಿಳಿಯುವುದು ಅಲ್ಲಿಂದಲೇ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಹಿಂತಿರುಗುವಾಗ ದಾರಿಯುದ್ದಕ್ಕೂ ನಾನು ಹವಾಮಾನ, ಬೀನ್ಸಿನ ಬೆಳೆ ಅಂತ ಸುಮ್ಮನೆ ಬಡಬಡಿಸಿದೆ.

ಮಾರನೆ ದಿನ ಊಟದ ಹೊತ್ತಿಗೆ ಜೋಳದ ಬ್ರೆಡ್ ಮುರಿಯುತ್ತ ಅವನು ಹೇಳಿದ. "ಬಡಿಯೋಕೆ ಕೈ ಇದೆ ಡೆಲ್ಫಿ. ಕೈಗೇನೂ ಆಗಿಲ್ಲ. ನೀನು ಬಣ್ಣ ಕೂಗಿ ಹೇಳು, ನಾನು ಅದ್ದುತೀನಿ."

"ಆಗದೇ ಹೋದ್ರೆ?"

"ಆಗದೇ ಹೋದ್ರೆ ಕುಲುಮೆ ಆರಿಸಿಬಿಡ್ತೀನಿ. ಕೆಟ್ಟ ಕೊಡಲಿ ಮಾರಿ ಬದುಕೋಕೆ ನನ್ನಿಂದ ಆಗಲ್ಲ."

ನಾನೇ ಅದ್ದಿದ್ದರೆ ಆಗುತ್ತಿತ್ತು. ಆದರೆ ಕಾದ ಕೊಡಲಿ ಕಚ್ಚಿದ ಇಕ್ಕಳ ಎತ್ತುವ ಬಲ ನನ್ನ ಮಣಿಕಟ್ಟಿನಲ್ಲಿ ಉಳಿದಿಲ್ಲ. ಹಾಳು ವಾತ.

ಮೊದಲ ಕೊಡಲಿಗೆ ನಾನು "ನೇರಳೆ!" ಎಂದು ಕೂಗಿದ್ದು ಸರಿಯಾದ ಗಳಿಗೆಯಲ್ಲೇ. ಮಾತು ನನ್ನ ಬಾಯಿಂದ ಹೊರಟು ಅವನ ಕಿವಿ ಮುಟ್ಟಿ ಕೈ ಇಳಿಯುವಷ್ಟರಲ್ಲಿ ನೇರಳೆ ದಾಟಿ ಹೋಗಿತ್ತು. ಎರಡನೆಯದಕ್ಕೆ ಜಾಣತನ ತೋರಿಸಲು ಹೋಗಿ ಕಂದು ಇರುವಾಗಲೇ ಕೂಗಿದೆ. ಆ ಸಲ ಅವನ ಕೈ ಮಿಂಚಿನಂತೆ ಇಳಿಯಿತು. ಹಿತ್ತಲಿನ ಮರದ ದಿಮ್ಮಿಗೆ ಎಸೆದ ಕೂಡಲೇ ಅಂಚು ಚಕ್ಕೆ ಎದ್ದಿತು.

"ಏನು ಕೂಗ್ತೀಯೇ ನೀನು, ಹರಾಜು ಹಾಕೋನ ಥರ!" ಎಂದು ರೇಗಿದ.

"ನಿನ್ನ ಕೈಗೆ ಬೇಕಾದ ಹಾಗೆ ಓಡೋಕೆ ಬಣ್ಣ ಏನು ನಿನ್ನ ನಾಯೇನೋ?" ಎಂದು ನಾನೂ ರೇಗಿದೆ.

ಮೂರನೆಯದನ್ನು ಅವನು ನಾಲ್ಕು ದಿನ ಬಡಿದ. ಅಷ್ಟು ಚೆಂದದ ಕೊಡಲಿಯನ್ನು ಅವನ ಕೈಯಲ್ಲಿ ನಾನು ಕಂಡಿರಲಿಲ್ಲ. ಬೆಸುಗೆಯ ಗೆರೆ ಹುಡುಕಿದರೂ ಸಿಗದು. ಗೋಣಿ ಕಟ್ಟಿದ, ಸರಳು ತುರುಕಿದ. ಬಣ್ಣ ನಡೆಯತೊಡಗಿತು. ಹುಲ್ಲು ಬಣ್ಣ, ಕಂದು. ಇನ್ನೇನು ಬಂತು ಅನ್ನುವಾಗ ಅವನ ಮುಖ ನೋಡಿಬಿಟ್ಟೆ. ಪ್ರಾರ್ಥನೆಗೆ ನಿಂತವನಂತೆ ಕಣ್ಣು ಮುಚ್ಚಿ, ನನ್ನ ಧ್ವನಿಗೆ ಕಾಯುತ್ತಿದ್ದ. ಒಂದು ಗಳಿಗೆ ಆ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ನಾನು ಕೂಗಿ ಅವನು ಅದ್ದುವಾಗ ಅಂಚೆಲ್ಲ ನೀಲಿ.

"ಹೇಗಿದೆ?" ಎಂದ.

"ನೇರಳೆ" ಎಂದೆ. "ಪ್ಲಮ್ ಹಣ್ಣಿನ ಸಿಪ್ಪೆ ಥರ. ಸರಿಯಾಗಿ ಬಂದಿದೆ."

ಯಾಕೆ ಹಾಗಂದೆನೋ ದೇವರಿಗೇ ಗೊತ್ತು. ಒಂದು ದಿನವಾದರೂ ಸುಖವಾಗಿರಲಿ ಅಂದುಕೊಂಡೆನೇನೋ. ಅವನು ಹಿಡಿ ಕೂರಿಸಿ, ಹಿತ್ತಲಿಗೆ ಹೋಗಿ, ಹೆಜ್ಜೆ ಎಣಿಸಿ ನಿಂತು ಎಸೆದ. ಮೂರು ಸಲವೂ ಗುರಿಗೆ ನಾಟಿತು. ದಿಮ್ಮಿಯಿಂದ ಕಿತ್ತುಕೊಂಡು ಹೆಬ್ಬೆರಳಲ್ಲಿ ಅಂಚನ್ನು ಸವರಿದ. ಅದು ಒಂದು ಕಡೆಗೆ ಮಡಚಿಕೊಂಡಿತ್ತು. ಇನ್ನೊಮ್ಮೆ ಸವರಿದ.

"ಬಣ್ಣ ನೇರಳೆ ಇತ್ತು ತಾನೆ?"

"ಹೂಂ" ಎಂದೆ.

ಅವನು ದಿಮ್ಮಿಯ ಮೇಲೆ ಕುಳಿತ. "ಬಣ್ಣ ಸರಿ ಇದ್ದು ಅಂಚು ಮಡಚಿದೆ ಅಂದ್ರೆ ಉಕ್ಕನ್ನ ಬೆಸೆಯುವಾಗಲೇ ನಾನು ಸುಟ್ಟು ಹಾಕಿದ್ದೀನಿ. ಬಡಿದದ್ದೇ ಕೆಟ್ಟಿದೆ ಡೆಲ್ಫಿ. ಕೈಯೂ ಹೋಯ್ತು."

"ಇಲ್ಲ ಕಣೋ! ನೀಲಿ ಇತ್ತು. ನಾನು ಸುಳ್ಳು ಹೇಳ್ದೆ. ನಿನ್ನ ಕೈ ಚೆನ್ನಾಗೇ ಇದೆ, ನಾನೇ ತಡವಾಗಿ ಕೂಗಿದ್ದು."

ಅವನು ನಕ್ಕ. ಬೇಸರವಿಲ್ಲದ, ಒಳ್ಳೆಯ ನಗು. ಚಿಕ್ಕವನಿದ್ದಾಗ ಅವನ ತಪ್ಪನ್ನು ನಾನು ತಲೆ ಮೇಲೆ ಹಾಕಿಕೊಂಡು ಅಪ್ಪನ ಹತ್ತಿರ ಬೈಸಿಕೊಂಡಾಗಲೆಲ್ಲ ಹೀಗೇ ನಗುತ್ತಿದ್ದ.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಕಣೇ ಅಕ್ಕ. ನೀನು ಯಾವಾಗ್ಲೂ ಹೀಗೇ."

ಕೊಡಲಿಯನ್ನು ಕಿತ್ತುಕೊಂಡು ಅವನ ಮೂಗಿನ ಹತ್ತಿರ ಹಿಡಿದೆ. ನಡು ಮಧ್ಯಾಹ್ನದ ಬಿಸಿಲಲ್ಲಿ ಅಂಚಿನುದ್ದಕ್ಕೂ ನೀಲಿ ಹೊಳೆಯುತ್ತಿತ್ತು. ಎಂಥ ಪೆದ್ದನಿಗೂ ಕಾಣುವಂಥ ನೀಲಿ. "ನೋಡೋ, ನೋಡು!" ಎಂದು ಕಿರುಚಿದೆ. ಅವನು ನನ್ನ ಮನಸ್ಸು ನೋಯಬಾರದೆಂದು ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ನೋಡಿದಂತೆ ಮಾಡಿದ. ಆಮೇಲೆ ಎದ್ದು ಒಳಗೆ ಹೋಗಿ ಕುಲುಮೆಯ ಕೆಂಡಕ್ಕೆ ನೀರು ಸುರಿದ.