ಗೂಬೆ ಮೇಡಂ ತೆಗೆಯದ ಫೋಟೋ

ಆ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುತ್ತಿದ್ದರು. ಮುಚ್ಚಳ ಕತ್ತರಿಸುವ ಪ್ರೆಸ್ಸುಗಳು ಐದು, ಒಂದೇ ಸಾಲಿನಲ್ಲಿ. ಸಾಲಿನ ಎದುರಿಗೆ, ಗಾಜಿನ ಗೋಡೆಯ ಆಚೆ, ಸುರಕ್ಷತಾ ವಿಭಾಗದ ಕೋಣೆ. ಅಲ್ಲಿ ಟೈಪಿಸ್ಟಾಗಿದ್ದ ಹೆಂಗಸಿಗೆ ಮೂವತ್ತೊಂದನೆಯ ವಯಸ್ಸಿನಲ್ಲಿ ಒಂದು ಕ್ಯಾಮೆರಾ ಗಂಟುಬಿತ್ತು. ಅಪಘಾತದ ವರದಿಗೆ ಫೋಟೋ ಲಗತ್ತಿಸಬೇಕೆಂದು ಹೊಸ ನಿಯಮ ಬಂದಿತ್ತು, ರಕ್ತದ ಹತ್ತಿರ ಹೋಗಲು ಯಾರಿಗೂ ಮನಸ್ಸಿರಲಿಲ್ಲ. "ವರದಿ ಹೇಗೂ ನೀವೇ ಟೈಪ್ ಮಾಡ್ತೀರಿ, ಫೋಟೋನೂ ನೀವೇ ಹೊಡೆದ್ಬಿಡಿ," ಎಂದು ಸುರಕ್ಷತಾ ಅಧಿಕಾರಿ ಅದನ್ನು ಅವಳ ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡರು.

ಮಾಡಬೇಕಾದದ್ದು ಇಷ್ಟೇ. ಅಪಘಾತವಾದ ಯಂತ್ರದ ಮೂರು ಫೋಟೋ: ಎದುರಿನಿಂದ ಒಂದು, ಬಲಗಡೆಯಿಂದ ಒಂದು, ಹತ್ತಿರದಿಂದ ಒಂದು. ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ಸ್ಕೇಲು. ಪ್ರಿಂಟಿನ ಹಿಂದೆ ದಿನಾಂಕ, ಸಹಿ.

ಆ ಕೆಲಸ ಅವಳಿಗೆ ಒಗ್ಗಿತು. ತಗಡಿನ ಹೊಳಪು ಕಣ್ಣಿಗೆ ಹೊಡೆಯದ ಹಾಗೆ ಎಲ್ಲಿ ನಿಲ್ಲಬೇಕು, ಎಣ್ಣೆಯ ಕಲೆ ಯಾವುದು ರಕ್ತದ ಕಲೆ ಯಾವುದು ಎಂದು ಕಪ್ಪು ಬಿಳುಪಿನಲ್ಲೇ ಹೇಗೆ ತೋರಿಸಬೇಕು, ಎಲ್ಲವನ್ನೂ ಅವಳು ತಾನೇ ಕಲಿತಳು. ಅವಳ ಫೋಟೋಗಳು ಎಷ್ಟು ಸ್ಪಷ್ಟವಾಗಿರುತ್ತಿದ್ದವು ಎಂದರೆ ವಿಚಾರಣೆಯಲ್ಲಿ ಅವುಗಳೆದುರು ಯಾವ ಕೆಲಸಗಾರನ ಮಾತೂ ನಿಲ್ಲುತ್ತಿರಲಿಲ್ಲ. ತೀರ್ಪು ಪ್ರತಿ ಸಲವೂ ಒಂದೇ: ಕೆಲಸಗಾರನ ಅಜಾಗರೂಕತೆ. ಪೆಟ್ಟು ತಿಂದವನ ತಲೆಯ ಮೇಲೆಯೇ ಗೂಬೆ ಕೂರಿಸುವವಳೆಂದು ಪ್ರೆಸ್ಸಿನವರು ಅವಳಿಗೆ ಗೂಬೆ ಮೇಡಂ ಎಂದು ಹೆಸರಿಟ್ಟರು. ಅವಳು ಕ್ಯಾಮೆರಾ ಹಿಡಿದು ಗಾಜಿನ ಬಾಗಿಲು ದೂಡಿ ಬಂದರೆ ಸಾಕು, "ಗೂಬೆ ಬಂತು, ಬೆರಳು ಎಣಿಸ್ಕೊಳ್ರೋ!" ಎಂದು ಯಾರಾದರೂ ಕೂಗುತ್ತಿದ್ದರು. ಉಳಿದವರು ನಗುತ್ತಿದ್ದರು. ಅವಳೂ ನಕ್ಕಂತೆ ಮಾಡುತ್ತಿದ್ದಳು.

ಅವಳಿಗೆ ಒಬ್ಬ ತಮ್ಮ, ಹನ್ನೆರಡು ವರ್ಷ ಚಿಕ್ಕವನು. ಅವನು ಹುಟ್ಟುವ ಮೊದಲೇ ತಂದೆ ಹೋಗಿದ್ದರು, ಏಳು ವರ್ಷದವನಿದ್ದಾಗ ತಾಯಿಯೂ ಹೋದರು. ತಲೆ ಬಾಚಿ ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ರಜೆ ಹಾಕಿ ಕೂತಿದ್ದು, ಮದುವೆ ಮಾಡಿಸಿದ್ದು, ಎಲ್ಲ ಅಕ್ಕನೇ. ಅವಳ ಮದುವೆಯ ಮಾತೆತ್ತಲು ಯಾರೂ ಉಳಿದಿರಲಿಲ್ಲ. ಓದು ತಲೆಗೆ ಹತ್ತದ ತಮ್ಮನನ್ನು ಅಧಿಕಾರಿಯ ಕೈಕಾಲು ಹಿಡಿದು ಪ್ರೆಸ್ಸಿಗೆ ಸೇರಿಸಿದ್ದೂ ಅವಳೇ. ಅಕ್ಕನನ್ನು ಗೂಬೆ ಎಂದವನ ಕೊರಳಪಟ್ಟಿಗೆ ಅವನು ಸೇರಿದ ವಾರವೇ ಕೈ ಹಾಕಿದ್ದ.

"ಸುಮ್ನಿರೋ ನೀನು," ಎಂದಿದ್ದಳು ಅವಳು. "ಅಂದ್ಕೊಂಡ್ರೆ ಅಂದ್ಕೊಳ್ಲಿ. ನನ್ನ ಮೈಗೇನು ಅಂಟ್ಕೊಳತ್ತಾ?"

ಪ್ರತಿ ಪ್ರೆಸ್ಸಿಗೂ ಕೈ ಒಳಗೆ ಹೋಗದಂತೆ ತಡೆಯುವ ಒಂದು ಕಬ್ಬಿಣದ ಜಾಲರಿ ಇತ್ತು. ಅದನ್ನು ಹಾಕಿಕೊಂಡರೆ ಕೆಲಸ ನಿಧಾನ, ದಿನದ ಲೆಕ್ಕ ಮುಟ್ಟುವುದಿಲ್ಲ. ಹಾಗಾಗಿ ಮೇಲ್ವಿಚಾರಕರೇ ಐದೂ ಜಾಲರಿಗಳನ್ನು ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಸರ್ಕಾರದ ತಪಾಸಣೆಯವರು ಬರುವ ದಿನ ಹಾಕಿಸಿ, ಅವರು ಗೇಟು ದಾಟಿದ ಮೇಲೆ ತೆಗೆಸುತ್ತಿದ್ದರು. ಜಾಲರಿಗೆ ವರ್ಷಕ್ಕೆ ಎರಡು ದಿನ ಕೆಲಸ, ಮಿಕ್ಕಿದ್ದೆಲ್ಲ ರಜೆ, ನಮಗಿಂತ ಅದರ ಬಾಳೇ ವಾಸಿ ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು. ಗಾಜಿನ ಗೋಡೆಯ ಹಿಂದೆ ಕೂತ ಅವಳಿಗೂ ಗೊತ್ತಿತ್ತು.

ಅವಳಿಗೆ ನಲವತ್ತೊಂಬತ್ತು ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಅವಳು ಹೊರಗೆ ಊಟ ಮುಗಿಸಿ ಕೋಣೆಗೆ ಬರುತ್ತಿದ್ದಂತೆ ಫೋನು ಬಂತು. "ಮೇಡಂ, ನಾಲ್ಕನೇ ಪ್ರೆಸ್." ತಮ್ಮ ಎರಡನೇ ಪ್ರೆಸ್ಸಿನವನು. ಅವಳು ಅವಸರವಿಲ್ಲದೆ ಫಿಲ್ಮು ಹಾಕಿಕೊಂಡು ಹೊರಟಳು. ಗಾಯಗೊಂಡವನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಯಂತ್ರಗಳೆಲ್ಲ ನಿಂತಿದ್ದವು. ಆ ದಿನ ಯಾರೂ ಬೆರಳು ಎಣಿಸಿಕೊಳ್ಳಿ ಎಂದು ಕೂಗಲಿಲ್ಲ. ಅದು ಅವಳಿಗೆ ಆಮೇಲೆ ನೆನಪಾಯಿತು.

"ಜಾಲರಿ ತೆಗೆದಿಟ್ಟು ಕೆಲಸ ಮಾಡ್ತಿದ್ದ," ಎಂದರು ಅಧಿಕಾರಿ. "ಗೋಡೆ ಹತ್ರ ಇದೆ ನೋಡಿ. ಅದೂ ಯಂತ್ರಾನೂ ಒಟ್ಟಿಗೆ ಬರೋ ಹಾಗೆ ಒಂದು ಹೊಡೀರಿ. ಬೇರೆದೇನೂ ಬೇಡ."

ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಐದು ಯಂತ್ರಗಳೂ, ಗೋಡೆಗೆ ಒರಗಿದ ಐದು ಜಾಲರಿಗಳೂ, ಅವುಗಳ ಮೇಲೆ ಕೂತ ವರ್ಷಗಟ್ಟಲೆಯ ಧೂಳೂ ಚೌಕಟ್ಟಿನೊಳಗೆ ಬರುತ್ತಿದ್ದವು. ಅವಳು ಹಿಂದೆ ಸರಿಯಲಿಲ್ಲ, ಯಾವತ್ತೂ ಸರಿದವಳಲ್ಲ. ಎದುರಿನಿಂದ ಒಂದು ಹೊಡೆದಳು. ಬಲಗಡೆಯಿಂದ ಇನ್ನೊಂದು. ಹತ್ತಿರದ ಫೋಟೋಗೆ ಬಗ್ಗಿ ಸ್ಕೇಲು ಇಡುತ್ತಿದ್ದಾಗ ನೆಲ ಒರೆಸುವ ಹೆಂಗಸು ಬಕೆಟ್ಟು ಕೆಳಗಿಟ್ಟು ಅವಳ ಮುಖವನ್ನೇ ನೋಡಿದಳು.

"ಮೇಡಂ, ನಿಮಗೆ ಯಾರೂ ಹೇಳ್ಲಿಲ್ವಾ?"

"ಏನು?"

"ನಾಲ್ಕನೇ ಪ್ರೆಸ್ಸಿನೋನು ಇವತ್ತು ಬಂದಿಲ್ಲ. ನಿಮ್ಮ ತಮ್ಮನ್ನ ಹಾಕಿದ್ರು."

ಆದರೂ ಅವಳು ಮೂರನೆಯ ಫೋಟೋ ಹೊಡೆದಳು. ಫೋಕಸ್ ಸರಿ ಮಾಡಿ, ಉಸಿರು ಹಿಡಿದು ಹೊಡೆದಳು. ಲೆನ್ಸಿನ ಮುಚ್ಚಳ ಹಾಕಿದ ಮೇಲೆಯೇ ಯಾವ ಆಸ್ಪತ್ರೆ ಎಂದು ಕೇಳಿದ್ದು.

ತಮ್ಮನ ಬಲಗೈಯಲ್ಲಿ ಹೆಬ್ಬೆರಳೊಂದು ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಯಿಂದ ನೇರವಾಗಿ ಕೆಲಸಕ್ಕೆ ಬಂದಾಗ ಐದೂ ಜಾಲರಿಗಳು ಯಂತ್ರಗಳ ಮೇಲಿದ್ದವು, ಹೊಸ ಹಸಿರು ಬಣ್ಣ ಬಳಿಸಿಕೊಂಡು. ಹಿಂದಿನ ದಿನ ತೆಗೆಯಬಹುದಾಗಿದ್ದ ಆ ಫೋಟೋವನ್ನು ಇನ್ನು ಯಾರೂ ತೆಗೆಯುವಂತಿರಲಿಲ್ಲ.

ವಿಚಾರಣೆಯ ದಿನ ಮೇಜಿನ ಮೇಲೆ ಮೂರು ಫೋಟೋ ಇದ್ದವು. ತಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಅಕ್ಕ ಮೂಲೆಯಲ್ಲಿ ನಡಾವಳಿ ಬರೆದುಕೊಳ್ಳುತ್ತಿದ್ದಳು.

"ಜಾಲರಿ ಯಾರು ತೆಗೆದಿದ್ದು?" ಎಂದರು ಅಧಿಕಾರಿ.

"ಗೊತ್ತಿಲ್ಲ ಸಾರ್. ನಾನು ಕೆಲಸಕ್ಕೆ ಸೇರಿದಾಗ್ಲಿಂದ ಗೋಡೆ ಹತ್ರಾನೇ ಇದೆ. ಐದೂ ಅಲ್ಲೇ ಇದ್ವು."

"ಫೋಟೋದಲ್ಲಿ ಒಂದೇ ಇದೆಯಲ್ಲ?"

ತಮ್ಮ ಅಕ್ಕನ ಕಡೆ ನೋಡಿದ. ಅವಳು ಒಂದು ಮಾತು ಆಡಬೇಕಿತ್ತು. ಐದು ಎಂಬ ಒಂದೇ ಮಾತು ಸಾಕಿತ್ತು. ಅವಳು ತಲೆ ಎತ್ತಲಿಲ್ಲ. ಪೆನ್ನು ಹಿಡಿದು, "ಫೋಟೋದಲ್ಲಿ ಒಂದೇ ಕಂಡುಬಂದಿರುತ್ತದೆ," ಎಂದು ಬರೆದಳು. ಅವನ ಕೆಲಸ ಹೋಯಿತು, ಪರಿಹಾರವೂ ಸಿಗಲಿಲ್ಲ.

ಆ ಸಂಜೆ ತಮ್ಮನ ಹೆಂಡತಿ ಅವಳ ಬಾಡಿಗೆ ಮನೆಯ ಬಾಗಿಲಿಗೆ ಬಂದಳು, ಹೊಸ್ತಿಲು ದಾಟಲಿಲ್ಲ. "ಅತ್ತಿಗೆ, ಫೋಟೋ ತುಂಬಾ ಚೆನ್ನಾಗಿ ಬಂದಿದ್ಯಂತೆ. ಎಲ್ರೂ ಹೊಗಳ್ತಿದ್ರು," ಎಂದಳು. "ಇನ್ಮೇಲೆ ನಮ್ಮ ಮನೆ ಕಡೆ ತಲೆ ಹಾಕ್ಬೇಡಿ."

ಎರಡೂ ಮನೆಗಳ ನಡುವೆ ಮೂರು ಬೀದಿ. ಒಂಬತ್ತು ವರ್ಷ ಯಾರೂ ಆ ಬೀದಿಗಳನ್ನು ದಾಟಲಿಲ್ಲ. ತಮ್ಮನಿಗೆ ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ ಸಿಕ್ಕಿದೆಯೆಂದು ಅವಳು ಇನ್ನೊಬ್ಬರ ಬಾಯಲ್ಲಿ ಕೇಳಿದಳು. ಗುಂಡಿ ಒತ್ತಲು ಹೆಬ್ಬೆರಳು ಸಾಕಾಗುತ್ತದೆ ಎಂದು ಹೇಳಿದವರು ನಕ್ಕಿದ್ದರು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋಗಬೇಕಿತ್ತು? ನಿವೃತ್ತಿಯ ದಿನ ಆ ಹಳೆಯ ಕ್ಯಾಮೆರಾವನ್ನೇ ಉಡುಗೊರೆಯೆಂದು ಕೊಟ್ಟು ಚಪ್ಪಾಳೆ ತಟ್ಟಿದರು, ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಡ್ರಾಯರಿನಲ್ಲಿ ಉಳಿದಿದ್ದ ಫೋಟೋಗಳ ಎರಡನೇ ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದಳು.

ಅವುಗಳನ್ನು ಸುಟ್ಟುಬಿಡಬೇಕೆಂಬುದು ಅವಳ ಯೋಚನೆಯಾಗಿತ್ತು. ಸುಡುವ ಮುನ್ನ ಒಮ್ಮೆ ನೋಡೋಣವೆಂದು ನೆಲದ ಮೇಲೆ ಹರಡಿದಳು. ಒಂದು ಬೆಳಿಗ್ಗೆಗೆ ಮುಗಿಯಲಿಲ್ಲ. ದಿನವೂ ಟೀ ಕುಡಿದು ಅವುಗಳ ನಡುವೆ ಕೂರುವುದು ಅಭ್ಯಾಸವಾಯಿತು. ಮೊದಮೊದಲು ತಮ್ಮನ ಮೂರು ಫೋಟೋಗಳನ್ನಷ್ಟೇ ನೋಡುತ್ತಿದ್ದಳು, ಅಳುತ್ತಿದ್ದಳು. ಎರಡು ತಿಂಗಳಾದ ಮೇಲೆ ಅಳು ನಿಂತಿತು, ಕಣ್ಣು ಬೇರೆಯವುಗಳ ಕಡೆಗೂ ಹೊರಳಿತು. ಆಗ ಒಂದು ಸಂಗತಿ ಕಂಡಿತು. ಎಲ್ಲ ಫೋಟೋಗಳೂ ನಿಂತವರ ಎತ್ತರದಿಂದ, ಮೇಲಿನಿಂದ ಕೆಳಕ್ಕೆ ನೋಡಿ ತೆಗೆದವು. ಎಲ್ಲದರಲ್ಲೂ ಬೆಳಕು ಬಂದದ್ದು ಅವಳ ಬೆನ್ನ ಹಿಂದಿನ ಗಾಜಿನ ಗೋಡೆಯಿಂದ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಕೆಲಸಗಾರ ಕೂರುವ ಸ್ಟೂಲಿನ ಮೇಲೆ ಕೂತು ಅಲ್ಲಿಂದ ಏನು ಕಾಣುತ್ತದೆಂದು ನೋಡಿರಲಿಲ್ಲ. ಅಧಿಕಾರಿ ಎಲ್ಲಿ ನಿಲ್ಲುತ್ತಿದ್ದರೋ ಅವಳೂ ಅಲ್ಲೇ ನಿಂತಿದ್ದಳು. ತಮ್ಮನ ವಿಷಯದಲ್ಲಿ ಮಾತ್ರ ತಾನು ತಪ್ಪಿದೆ ಎಂದು ಒಂಬತ್ತು ವರ್ಷ ಕೊರಗಿದ್ದಳು. ಇಪ್ಪತ್ತೇಳು ವರ್ಷದ ತಪ್ಪಿನಲ್ಲಿ ತಮ್ಮ ಒಬ್ಬನಾಗಿದ್ದ, ಅಷ್ಟೇ. ಉಳಿದವರಿಗೂ ಅಕ್ಕಂದಿರಿದ್ದಿರಬೇಕು.

ಇದು ತಿಳಿದದ್ದರಿಂದ ಅವಳಿಗೆ ಸಮಾಧಾನವಾಯಿತು ಎನ್ನುವಂತಿಲ್ಲ. ಆದರೆ ಒಳಗೆ ಗಿರಗಿರ ತಿರುಗುತ್ತಿದ್ದುದು ಒಂದು ಕಡೆ ನಿಂತಂತಾಯಿತು. ಅವಳು ಫಿಲ್ಮು ಕೊಂಡು ತಂದು ಬೀದಿಗಿಳಿದಳು. ಚಪ್ಪಲಿ ಹೊಲಿಯುವವನನ್ನು ಕೇಳಿಕೊಂಡು ಅವನ ಗೋಣಿಯ ಮೇಲೆ ಕೂತು, ಅವನಿಗೆ ಕಾಣುವ ಬೀದಿಯ ಫೋಟೋ ತೆಗೆದಳು: ಬರೀ ಮೊಣಕಾಲು, ಬರೀ ಹಿಮ್ಮಡಿ. "ಇದರಾಗೇನು ಐತಮ್ಮ ನೋಡಕ್ಕೆ?" ಎಂದು ಅವನು ನಕ್ಕ. ಸಿನಿಮಾ ಟಿಕೆಟ್ ಕೊಡುವವಳ ಕುರ್ಚಿಯಿಂದ ಕಂಡದ್ದು ಸಣ್ಣ ಕಿಂಡಿಯಲ್ಲಿ ತೂರುವ ಕೈಗಳು. ಒಂದು ದಿನ ಅದೇ ಗೋಣಿಯ ಮೇಲೆ ಬೆಳಕು ನೋಡುತ್ತ ಗಂಟೆಗಟ್ಟಲೆ ಕೂತಿದ್ದಳು. ಮನೆಗೆ ಹೋಗುವಾಗ, ಇಷ್ಟು ಹೊತ್ತು ತಾನು ಯಾರಿಗೂ ಏನನ್ನೂ ಸಾಬೀತು ಮಾಡಿ ತೋರಿಸಬೇಕಿರಲಿಲ್ಲ ಎನ್ನಿಸಿತು. ಅಂಥ ದಿನಗಳು ಅವಳ ಬದುಕಿನಲ್ಲಿ ಹೆಚ್ಚಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವಳು ಆ ಹಳೆಯ ಕಟ್ಟಡಕ್ಕೆ ಹೋದಳು. ಲಿಫ್ಟಿನೊಳಗೆ, ಹಿಂದಿನ ಮೂಲೆಯಲ್ಲಿ, ಗುಂಡಿಗಳ ಫಲಕದ ಪಕ್ಕ ಸ್ಟೂಲಿನ ಮೇಲೆ ತಮ್ಮ ಕೂತಿದ್ದ. ತಲೆ ನೆರೆತಿತ್ತು.

"ಎಷ್ಟನೇ ಮಹಡಿ?" ಎಂದ, ಯಾರನ್ನೋ ಕೇಳಿದ ಹಾಗೆ.

"ಎಷ್ಟನೇದಾದ್ರೂ ಸರಿ."

ಅವನು ಕೊನೆಯ ಗುಂಡಿ ಒತ್ತಿದ. ಲಿಫ್ಟು ಮೂರನೇ ಮಹಡಿ ದಾಟಿತು.

"ಅವತ್ತು ಮೂರನೇ ಫೋಟೋ ಹೊಡೆಯೋಕೆ ಮುಂಚೆ ನಂಗೆ ಗೊತ್ತಾಗಿತ್ತು ಕಣೋ," ಎಂದಳು ಅವಳು. "ಅದು ನೀನು ಅಂತ. ಗೊತ್ತಿದ್ದೂ ಹೊಡ್ದೆ."

"ನಂಗೂ ಗೊತ್ತು. ನೆಲ ಒರೆಸೋ ಅಮ್ಮ ಆಸ್ಪತ್ರೆಗೆ ಬಂದಾಗ್ಲೇ ಹೇಳಿದ್ರು."

ಲಿಫ್ಟು ಮೇಲೆ ನಿಂತಿತು. ಅವನು ಬಾಗಿಲು ತೆರೆಯಲಿಲ್ಲ.

"ನೀನೇ ಬಂದು ಹೇಳ್ತೀಯ ಅಂತ ಕಾದೆ ಅಕ್ಕ. ಒಂದು ವರ್ಷ ಕಾದೆ. ಫೋಟೋದ್ದು ಹೋಗ್ಲಿ, ಕೆಲಸ, ಹೊಡ್ದೆ. ವಿಚಾರಣೇಲಿ ನಿನ್ನ ಮುಖ ನೋಡಿದ್ನಲ್ಲ. ಆವಾಗ ನೀನು ತಲೆ ಎತ್ತಲಿಲ್ಲ. ಅದನ್ನ ಹೊಟ್ಟೆಗೆ ಹಾಕ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ. ಈಗ್ಲೂ ಆಗಲ್ಲ."

"ಹಾಕ್ಕೋ ಅಂತ ಕೇಳೋಕೆ ಬಂದಿಲ್ಲ."

"ಮತ್ತೆ ಯಾಕೆ ಬಂದೆ?"

ಅವಳು ಚೀಲದಿಂದ ಕ್ಯಾಮೆರಾ ತೆಗೆದಳು. ಅವನು ತಟ್ಟನೆ ಬಲಗೈಯನ್ನು ಜೇಬಿಗೆ ತುರುಕಿದ.

"ನಿನ್ನ ಕೈ ಅಲ್ಲ," ಎಂದಳು. "ನಿನ್ನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂರ್ತೀನಿ. ಇಲ್ಲಿಂದ ನಿಂಗೆ ದಿನಾ ಏನು ಕಾಣತ್ತೋ ಅದು ಬೇಕು."

ಅವನು ಕ್ಯಾಮೆರಾ ನೋಡಿದ, ಅವಳನ್ನು ನೋಡಿದ. ಕೊನೆಗೆ ಎದ್ದು ಗೋಡೆಗೆ ಆತು ನಿಂತ. ಲಿಫ್ಟು ಇಳಿಯಿತು, ಕಚೇರಿಗಳಿಗೆ ಹೋಗುವ ಜನ ಹತ್ತಿದರು. ಒಳಗೆ ಬಂದ ಪ್ರತಿಯೊಬ್ಬರೂ ಬಾಗಿಲಿನತ್ತ ತಿರುಗಿ ನಿಂತರು. ಸ್ಟೂಲಿನ ಮೇಲಿನಿಂದ ಕಂಡದ್ದು ಬೆನ್ನುಗಳು ಮಾತ್ರ, ಒಂದಕ್ಕೊಂದು ಒತ್ತಿಕೊಂಡ ಅಂಗಿಗಳು, ಚೀಲದ ಪಟ್ಟಿಗಳು, ಕತ್ತಿನ ಮೇಲಿನ ಬೆವರು. ಒಂದು ಮುಖವೂ ಇಲ್ಲ. ಅವಳು ಒಂದೇ ಫೋಟೋ ತೆಗೆದು ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಮುಂದಿನ ವಾರ ಪ್ರಿಂಟು ತಂದುಕೊಟ್ಟಳು. ಅವನು ಎಡಗೈಯಲ್ಲಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಈ ಗೀರುಗೀರು ಅಂಗಿಯೋರು ಇದಾರಲ್ಲ, ದಿನಾ ನಮಸ್ಕಾರ ಹೇಳ್ತಾರೆ," ಎಂದ. "ತಿರುಗದೇನೇ. ಆ ಬಾಗಿಲಿಗೆ ಹೇಳಿದ ಹಾಗೆ." ಅವನ ತುಟಿಯ ಅಂಚಿನಲ್ಲಿ ನಗೆಯಂಥದ್ದೇನೋ ಬಂದು ಹೋಯಿತು.

"ಇಟ್ಕೋ," ಎಂದಳು ಅವಳು.

"ಮನೇಲಿ ಇಡೋಕಾಗಲ್ಲ. ಯಾರು ತೆಗ್ದಿದ್ದು ಅಂತ ಅವಳು ಕೇಳ್ತಾಳೆ." ಪ್ರಿಂಟನ್ನು ಲಿಫ್ಟಿನೊಳಗಿನ ಫಲಕದ ಸಂದಿಗೆ ಸಿಕ್ಕಿಸಿದ. ಐದನೇ ಮಹಡಿಯಿಂದ ಯಾರೋ ಬಿಡದೆ ಗಂಟೆ ಒತ್ತುತ್ತಿದ್ದರು. "ಹೋಗು ಅಕ್ಕ, ಜನ ಕಾಯ್ತಿದಾರೆ," ಎಂದು ಬಾಗಿಲೆಳೆದ.

ಮನೆಗೆ ಬಾ ಎಂದು ಅವನು ಕರೆಯಲಿಲ್ಲ, ಮುಂದೆಯೂ ಕರೆಯಲಿಲ್ಲ. ಅವಳು ತಿಂಗಳಿಗೊಮ್ಮೆ ಹೋಗಿ, ಒಂದು ಸಲ ಮೇಲೆ ಹೋಗಿ ಕೆಳಗೆ ಬಂದು, ಸಿಕ್ಕ ಎರಡು ಮಾತಾಡಿ ಹಿಂದಿರುಗುತ್ತಾಳೆ. ಲಿಫ್ಟು ಹತ್ತಿದರೆ ಅವಳೊಬ್ಬಳು ಬಾಗಿಲಿಗೆ ಬೆನ್ನು ಮಾಡಿ, ತಮ್ಮನಿಗೆ ಮುಖ ಕೊಟ್ಟು ನಿಲ್ಲುತ್ತಾಳೆ. ಅವನು ಕೆಲವು ಸಲ ನೋಡುತ್ತಾನೆ, ಕೆಲವು ಸಲ ಗುಂಡಿಗಳನ್ನೇ ನೋಡುತ್ತ ಕೂರುತ್ತಾನೆ.